50 ಡಾಲರ್ ಕೊಠಡಿಗೆ ನಿಜವಾಗಿ ಎಷ್ಟು? ಮಾಲ್ಡೀವ್ಸ್ ಪ್ರಯಾಣದ ಲೆಕ್ಕ

ಈ ರಜೆಯಲ್ಲಿ ಅಮ್ಮಿ ಮತ್ತು ನಾನು ಮೊದಲ ಬಾರಿಗೆ ವಿದೇಶಕ್ಕೆ, ಅಂದರೆ ಮಾಲ್ಡೀವ್ಸ್‌ಗೆ ಹೋಗುತ್ತಿದ್ದೇವೆ. ಭಾಯಿಜಾನ್ ಅಲ್ಲಿನ ಒಂದು ರೆಸಾರ್ಟಿನ ಅಡುಗೆಮನೆಯಲ್ಲಿ ಕೆಲಸ ಮಾಡುತ್ತಾರೆ. ಎರಡು ವರ್ಷದಿಂದ ಅಮ್ಮಿ ಅವರನ್ನು ಫೋನಿನಲ್ಲಿ ಮಾತ್ರ ನೋಡಿದ್ದಾರೆ. ಅವರ ಕ್ವಾರ್ಟರ್ಸ್‌ನಲ್ಲಿ ಮನೆಯವರು ಉಳಿಯುವಂತಿಲ್ಲ. ಹಾಗಾಗಿ ಪಕ್ಕದ ದ್ವೀಪದ ಗೆಸ್ಟ್‌ಹೌಸಿನಲ್ಲಿ 4 ರಾತ್ರಿ ಇರುತ್ತೇವೆ. ಖರ್ಚು ಪೂರ್ತಿ ಅವರ ಉಳಿತಾಯದಿಂದ. "ಕಾಮರ್ಸ್ ಓದುತ್ತಿದ್ದೀಯಲ್ಲ, ಬಜೆಟ್ ನೀನೇ ಹಾಕು" ಎಂದು ಅಬ್ಬಾ ನನಗೆ ಒಪ್ಪಿಸಿದರು. ಆ ಕೆಲಸದಲ್ಲಿ ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ.

1. ದೇಶದ ಪರಿಚಯ

ಮಾಲ್ಡೀವ್ಸ್‌ನಲ್ಲಿ 1,192 ಹವಳದ ದ್ವೀಪಗಳಿವೆ. ಜನ ವಾಸಿಸುವುದು ಸುಮಾರು 200 ದ್ವೀಪಗಳಲ್ಲಿ ಮಾತ್ರ. ನೆಲ ಸಮುದ್ರಮಟ್ಟಕ್ಕಿಂತ ಸರಾಸರಿ ಒಂದೂವರೆ ಮೀಟರ್ ಎತ್ತರವಷ್ಟೆ. ಮೀನು, ತೆಂಗು ಬಿಟ್ಟರೆ ಊಟದ ಹೆಚ್ಚಿನ ಸಾಮಾನು ಹೊರಗಿನಿಂದ ಬರಬೇಕು. 1981ರ ವ್ಯಾಪಾರ ಒಪ್ಪಂದದಂತೆ ಅಕ್ಕಿ, ಸಕ್ಕರೆ, ಈರುಳ್ಳಿ, ಮೊಟ್ಟೆಗಳನ್ನು ಭಾರತವೂ ಕಳುಹಿಸುತ್ತದೆ. ಹಡಗಿನ ಬಾಡಿಗೆ ಪ್ರತಿ ತಟ್ಟೆಯ ಬೆಲೆಯಲ್ಲೂ ಸೇರುತ್ತದೆ.

ಈ ವ್ಯಾಪಾರ ಹೊಸದಲ್ಲ. "ಕವಡೆ ಕಾಸಿನ ಕಿಮ್ಮತ್ತಿಲ್ಲ" ಎನ್ನುತ್ತೇವಲ್ಲ, ಬಂಗಾಳದಲ್ಲಿ ಹಣವಾಗಿ ನಡೆಯುತ್ತಿದ್ದ ಕವಡೆ ಮಾಲ್ಡೀವ್ಸ್‌ನಿಂದಲೇ ಬರುತ್ತಿತ್ತು. ಅದಕ್ಕೆ ಬದಲಾಗಿ ಬಂಗಾಳದ ಅಕ್ಕಿ ಅಲ್ಲಿಗೆ ಹೋಗುತ್ತಿತ್ತು. 14ನೇ ಶತಮಾನದಲ್ಲಿ ಅಲ್ಲಿ ಕಾಜಿಯಾಗಿದ್ದ ಇಬ್ನ್ ಬತೂತ ಇದನ್ನು ದಾಖಲಿಸಿದ್ದಾರೆ.

2. ಕಾಗದಪತ್ರ

ಭಾರತೀಯರು ಮೊದಲೇ ವೀಸಾ ಪಡೆಯಬೇಕಿಲ್ಲ. ವಿಮಾನ ನಿಲ್ದಾಣದಲ್ಲಿ ಇಳಿದ ಮೇಲೆ ಶುಲ್ಕವಿಲ್ಲದೆ ಕೊಡುತ್ತಾರೆ. ಪಾಸ್‌ಪೋರ್ಟ್, ವಾಪಸು ಟಿಕೆಟ್, ಉಳಿಯುವ ಜಾಗದ ಬುಕಿಂಗ್ ಕೈಯಲ್ಲಿರಬೇಕು. ಪ್ರಯಾಣಕ್ಕೆ 96 ಗಂಟೆ ಮುಂಚಿನಿಂದ 'ಇಮುಗ' ಎಂಬ ಸರ್ಕಾರಿ ಆನ್‌ಲೈನ್ ಫಾರ್ಮ್ ತುಂಬಬಹುದು. ಅದೂ ಉಚಿತ. ಅದಕ್ಕೆ ಯಾರಾದರೂ ದುಡ್ಡು ಕೇಳಿದರೆ ಅದು ಸರ್ಕಾರಿ ಜಾಲತಾಣವಲ್ಲ ಎಂದು ತಿಳಿಯಿರಿ.

3. ಬಾಡಿಗೆಯ ಲೆಕ್ಕ

ಇದೇ ಮುಖ್ಯ ಪಾಠ. ಜಾಹೀರಾತಿನಲ್ಲಿ ಕಾಣುವ ಬಾಡಿಗೆಯಲ್ಲಿ ತೆರಿಗೆ ಸೇರಿದೆಯೇ ಎಂದು ಮೊದಲು ಕೇಳಬೇಕು. ಸೇರಿಲ್ಲದ 50 ಡಾಲರ್ ಕೊಠಡಿಯಲ್ಲಿ ಇಬ್ಬರು ಒಂದು ರಾತ್ರಿ ಇದ್ದರೆ:

ಕೊಠಡಿ ಬಾಡಿಗೆ: 50.00
ಸೇವಾ ಶುಲ್ಕ 10%: 5.00
ಪ್ರವಾಸಿ ಜಿಎಸ್‌ಟಿ 17% (55 ಡಾಲರ್ ಮೇಲೆ): 9.35
ಗ್ರೀನ್ ಟ್ಯಾಕ್ಸ್ (6 × 2): 12.00
ಒಟ್ಟು: 76.35 ಡಾಲರ್

ಅಂದರೆ ಒಂದೂವರೆ ಪಟ್ಟಿಗೂ ಹೆಚ್ಚು. ನಾಲ್ಕು ರಾತ್ರಿಗೆ 200 ಅಲ್ಲ, 305.40 ಡಾಲರ್ ಇಡಬೇಕು. ಗಮನಿಸಿ: ಜಿಎಸ್‌ಟಿ ಸೇವಾ ಶುಲ್ಕದ ಮೇಲೂ ಬೀಳುತ್ತದೆ. ಗ್ರೀನ್ ಟ್ಯಾಕ್ಸ್ ಕೊಠಡಿಗಲ್ಲ, ತಲೆಗೆ. 50 ಅಥವಾ ಅದಕ್ಕಿಂತ ಕಡಿಮೆ ಕೊಠಡಿಯ ಗೆಸ್ಟ್‌ಹೌಸಿಗೆ ದಿನಕ್ಕೆ 6 ಡಾಲರ್, ರೆಸಾರ್ಟಿಗೆ 12. ಈ ದರ 2025ರ ಜನವರಿಯಿಂದ ಇದೆ. 17% ಜಿಎಸ್‌ಟಿ ಅದೇ ವರ್ಷದ ಜುಲೈಯಿಂದ ಬಂತು.

4. ಹಣ ಬದಲಾವಣೆ

ಅಲ್ಲಿನ ಹಣ ರುಫಿಯಾ. ನಮ್ಮ ರೂಪಾಯಿ ಮೊದಲು ಡಾಲರ್ ಆಗಬೇಕು, ಅಲ್ಲಿ ಡಾಲರ್ ರುಫಿಯಾ ಆಗಬೇಕು. ಪ್ರತಿ ಸಲವೂ ಕೊಳ್ಳುವ ದರ, ಮಾರುವ ದರದ ನಡುವೆ ಸ್ವಲ್ಪ ಹೋಗುತ್ತದೆ. ಆದ್ದರಿಂದ ಗೆಸ್ಟ್‌ಹೌಸಿಗೆ ಡಾಲರಿನಲ್ಲೇ ಕೊಟ್ಟು, ದೋಣಿ, ಚಹಾ, ಅಂಗಡಿಗೆ ಬೇಕಾದಷ್ಟನ್ನೇ ರುಫಿಯಾ ಮಾಡಿಸುವುದು ಲೇಸು. ಉಳಿದ ರುಫಿಯಾವನ್ನು ಊರಿಗೆ ತಂದರೆ ಬದಲಿಸುವುದು ಕಷ್ಟ.

5. ದಿನ, ದೋಣಿ, ಕಾನೂನು

ಅಲ್ಲಿ ವಾರದ ರಜೆ ಶುಕ್ರವಾರ ಮತ್ತು ಶನಿವಾರ. ಭಾನುವಾರ ಕೆಲಸದ ದಿನ. ಶುಕ್ರವಾರ ಸಾರ್ವಜನಿಕ ಫೆರಿ ಕಡಿಮೆ. ಅಂದು ಇಳಿದರೆ ದುಬಾರಿ ಸ್ಪೀಡ್‌ಬೋಟ್ ಹಿಡಿಯಬೇಕಾದೀತು. ಹಾಗಾಗಿ ನಾವು ಸೋಮವಾರದ ಟಿಕೆಟ್ ತೆಗೆದುಕೊಂಡೆವು. ಮೇ ತಿಂಗಳಿಂದ ಮಳೆಗಾಲ, ಸಮುದ್ರ ಒರಟಾಗುತ್ತದೆ. ಏಪ್ರಿಲ್ ಒಳಗೆ ಹೋಗಿಬರುವುದು ಒಳ್ಳೆಯದು. ಮದ್ಯ, ಹಂದಿ ಮಾಂಸ ಒಯ್ಯುವಂತಿಲ್ಲ. ಜನವಸತಿಯ ದ್ವೀಪಗಳಲ್ಲಿ ಎಲ್ಲ ಪ್ರವಾಸಿಗಳೂ ಮೈ ಮುಚ್ಚುವ ಬಟ್ಟೆ ತೊಡಬೇಕು. ಹವಳ ಆರಿಸಿ ತರಬಾರದು. ಔಷಧಿ ಇದ್ದರೆ ವೈದ್ಯರ ಚೀಟಿಯೂ ಜೊತೆಗಿರಲಿ. ಅಮ್ಮಿಯ ಬಿಪಿ ಮಾತ್ರೆಗೆ ನಾನು ಚೀಟಿಯ ಎರಡು ಪ್ರತಿ ಮಾಡಿಸಿದ್ದೇನೆ.

6. ಭಾಷೆ

ಅಲ್ಲಿನ ಭಾಷೆ ಧಿವೇಹಿ, ಲಿಪಿ ಥಾನಾ. ಉರ್ದುವಿನಂತೆ ಬಲದಿಂದ ಎಡಕ್ಕೆ ಬರೆಯುತ್ತಾರೆ. ಅದರ ಮೊದಲ 9 ಅಕ್ಷರಗಳು ಅರಬ್ಬಿ ಅಂಕಿಗಳಿಂದ ಹುಟ್ಟಿದವು. ಲೆಕ್ಕ ಓದುವವರಿಗೆ ಇದು ಖುಷಿ ಕೊಡುವ ವಿಷಯ.

ಭಾಯಿಜಾನ್ ಒಲೆಯ ಮುಂದೆ ನಿಂತು ದುಡಿದ ಹಣ ಇದು. ಅಲ್ಲಿಗೆ ಹೋದ ಮೇಲೆ "ಇನ್ನೂ ಕೊಡಿ" ಎಂದು ಅವರನ್ನು ಕೇಳುವಂತಾಗಬಾರದು. ನೀವು ಯಾವ ಊರಿಗೆ ಹೊರಟರೂ ಕಂಡ ಬೆಲೆಯನ್ನಲ್ಲ, ಕೊಡಬೇಕಾದ ಬೆಲೆಯನ್ನು ಬರೆದಿಟ್ಟುಕೊಳ್ಳಿ.

ಅಭ್ಯಾಸ: ತೆರಿಗೆ ಸೇರದ 40 ಡಾಲರ್ ಕೊಠಡಿಯಲ್ಲಿ ಮೂವರು 3 ರಾತ್ರಿ ಇದ್ದರೆ ಒಟ್ಟು ಎಷ್ಟು? ಗೆಸ್ಟ್‌ಹೌಸ್ ಚಿಕ್ಕದು ಎಂದುಕೊಳ್ಳಿ. (ಉತ್ತರ: 208.44 ಡಾಲರ್)