ಬಾಲ ಆಡಿಸಿತು ಅಂತ ಅವಸರ ಬೇಡ

ಆಶ್ರಯಧಾಮದಲ್ಲಿ ಆ ಕಂದು ನಾಯಿ ನಿನ್ನ ಮೊಣಕಾಲಿಗೆ ಒರಗಿಕೊಂಡು ನಿಂತಿತು, ‘ಇಷ್ಟು ಸಾಧು ನಾಯಿ, ಮನೆಗೆ ಬಂದ ದಿನವೇ ಹೊಂದಿಕೊಳ್ಳುತ್ತೆ’ ಅಂತ ಫೋನಿನಲ್ಲಿ ಹಿಗ್ಗಿ ಹಿಗ್ಗಿ ಹೇಳಿದೆಯಲ್ಲ, ಆಗಲೇ ನಿನ್ನ ಕಿವಿಗೆ ಒಂದು ಮಾತು ಹಾಕಬೇಕು ಅನ್ನಿಸಿತು. ತರಬೇಡ ಅನ್ನುತ್ತಿಲ್ಲ ಮಾರಾಯ್ತಿ. ಖಂಡಿತ ತಾ. ಆದರೆ ಅಲ್ಲಿ ಕಂಡ ಸಲಿಗೆ ಮೊದಲ ವಾರವೇ ನಿನ್ನ ಹಾಲ್‌ನಲ್ಲಿ ಕಾಣಲಿಲ್ಲ ಅಂತ ಕಂಗಾಲಾಗಬೇಡ. ಅಲ್ಲಿ ಅದಕ್ಕೆ ಜೊತೆಯ ನಾಯಿಗಳಿದ್ದವು, ದಿನಾ ಅನ್ನ ಹಾಕುವ ಕೈ ಗೊತ್ತಿತ್ತು, ನೆಲದ ವಾಸನೆಯೂ ಗೊತ್ತಿತ್ತು. ನಿನ್ನ ಮನೆಯಲ್ಲಿ ಈ ಮೂರೂ ಇಲ್ಲ.

ಕಾಗದದ ವಿಚಾರ ಬೇಗ ಹೇಳಿಬಿಡುತ್ತೇನೆ. 1991ರಿಂದ ಬೆಂಗಳೂರಿನಲ್ಲಿ ಕೆಲಸ ಮಾಡುತ್ತಿರುವ ಕ್ಯೂಪಾದಂಥ ಪ್ರಾಣಿರಕ್ಷಣಾ ಸಂಸ್ಥೆಗಳು ಹತ್ತು ಪ್ರಶ್ನೆ ಕೇಳಿದರೆ, ಮನೆ ನೋಡಬೇಕು ಅಂದರೆ ಬೇಜಾರು ಮಾಡಿಕೊಳ್ಳಬೇಡ. ಒಮ್ಮೆ ಬೀದಿ ಕಂಡ ಜೀವ ಮತ್ತೆ ಬೀದಿಗೆ ಬೀಳಬಾರದು ಅನ್ನುವುದಷ್ಟೇ ಅವರ ಆತಂಕ. ಬಾಡಿಗೆ ಮನೆಯಾದ್ದರಿಂದ ಮಾಲೀಕರ ಒಪ್ಪಿಗೆ ಬರಹದಲ್ಲಿ ತಗೋ. ಅಪಾರ್ಟ್‌ಮೆಂಟಿನ ಸಂಘದವರು ‘ನಾಯಿ ಸಾಕುವಂತಿಲ್ಲ’ ಎಂದರೆ, ಬಹುಮತದಿಂದಲೂ ಹಾಗೆ ನಿಷೇಧಿಸುವಂತಿಲ್ಲ ಎಂದು ಪ್ರಾಣಿ ಕಲ್ಯಾಣ ಮಂಡಳಿ 2015ರಲ್ಲೇ ಹೇಳಿದೆ, ಅದನ್ನು ಜಗಳವಾಡದೆ ತೋರಿಸು. ನಾಯಿಯ ಕಿವಿಯ ತುದಿ ಕತ್ತರಿಸಿದಂತಿದ್ದರೆ ಗಾಯ ಅಂದುಕೊಳ್ಳಬೇಡ, ಸಂತಾನಶಕ್ತಿಹರಣ ಆಗಿದೆ ಅನ್ನುವ ಗುರುತು ಅದು. ರೇಬೀಸ್ ಲಸಿಕೆ ಹಾಕಿಸಿದ ದಿನಾಂಕವಿರುವ ಕಾರ್ಡು ಕೈಗೆ ಬರದೆ ಹೊರಡಬೇಡ.

ಇನ್ನು ಮನೆಯ ಮಾತು. ಬೀದಿಯಲ್ಲಿ ಬೆಳೆದ ನಾಯಿಗೆ ಲಾರಿಯ ಹಾರ್ನು ಲೆಕ್ಕಕ್ಕಿಲ್ಲ, ಆದರೆ ನಿನ್ನ ಮಿಕ್ಸಿ ಅದರ ಪಾಲಿಗೆ ಭೂತ. ಬೆಳಿಗ್ಗೆ ಚಟ್ನಿ ರುಬ್ಬುವ ಹೊತ್ತಿಗೋ ಕುಕ್ಕರು ಮೊದಲ ಸೀಟಿ ಹೊಡೆದಾಗಲೋ ಅದು ಮಂಚದ ಕೆಳಗೆ ಸೇರಿಕೊಂಡರೆ ಎಳೆಯಬೇಡ, ಬಗ್ಗಿ ಇಣುಕಲೂಬೇಡ. ನುಣುಪು ಟೈಲ್ಸ್ ಮೇಲೆ ಅದರ ಕಾಲು ನಾಲ್ಕು ದಿಕ್ಕಿಗೆ ಜಾರುತ್ತೆ. ಬಾಗಿಲಿನಿಂದ ನೀರಿನ ಬಟ್ಟಲವರೆಗೆ ಎರಡು ಗೋಣಿಚೀಲ ಹಾಸಿದರೂ ಸಾಕು, ಧೈರ್ಯವಾಗಿ ನಡೆಯುತ್ತೆ. ಓಡಾಟ ಕಡಿಮೆಯಿರುವ ಒಂದು ಮೂಲೆಯಲ್ಲಿ ಹಳೇ ಬೆಡ್‌ಶೀಟು ಹಾಕಿ, ಅಲ್ಲಿ ಮಲಗಿದಾಗ ಯಾರೂ ಮುಟ್ಟಬಾರದು ಅಂತ ಮಕ್ಕಳಿಗೂ ದೊಡ್ಡವರಿಗೂ ಕಟ್ಟಪ್ಪಣೆ ಮಾಡು. ಬಂದ ದಿನವೇ ಸ್ನಾನ ಬೇಡ. ‘ನಾಯಿ ನೋಡೋಕೆ ಬರ್ತೀವಿ’ ಅನ್ನುವ ನೆಂಟರಿಗೆ ಮುಂದಿನ ತಿಂಗಳು ಬನ್ನಿ ಅನ್ನು. ಬೇಜಾರಾದರೆ ಆಗಲಿ.

ನಾಯಿಗಳನ್ನು ದತ್ತು ಕೊಡುವ ಕೆಲಸದಲ್ಲಿರುವವರು 3 ದಿನ, 3 ವಾರ, 3 ತಿಂಗಳು ಅಂತ ಒಂದು ಲೆಕ್ಕ ಹೇಳುತ್ತಾರೆ. ಮೊದಲ ಮೂರು ದಿನ ದಿಗಿಲು, ಮೂರು ವಾರಕ್ಕೆ ಮನೆಯ ವೇಳೆ ಗೊತ್ತಾಗುತ್ತೆ, ಮೂರು ತಿಂಗಳಿಗೆ ನಿಜವಾದ ಸ್ವಭಾವ ಹೊರಬರುತ್ತೆ. ನಾಯಿಗಳೇನೂ ಕ್ಯಾಲೆಂಡರು ನೋಡಿ ನಡೆಯುವುದಿಲ್ಲ, ಆದರೂ ಎರಡನೇ ದಿನ ಅನ್ನ ಮುಟ್ಟದೆ ಕೂತಾಗ ನಿನ್ನ ಸಮಾಧಾನಕ್ಕೆ ಈ ಲೆಕ್ಕ ಒದಗುತ್ತೆ. ನೀರನ್ನೂ ಕುಡಿಯದಿದ್ದರೆ, ವಾಂತಿ ಭೇದಿ ಇದ್ದರೆ ಮಾತ್ರ ಕಾಯದೆ ಡಾಕ್ಟರ ಹತ್ತಿರ ಹೋಗು. ಉಣುಗಿನಿಂದ ಬರುವ ಜ್ವರ ಇಂಥ ನಾಯಿಗಳಲ್ಲಿ ಮಾಮೂಲು. ಒಂದು ರಕ್ತಪರೀಕ್ಷೆ ಹೇಗೂ ಮಾಡಿಸು. ಮನೆಯಲ್ಲಿದೆ ಅಂತ ನಮ್ಮ ಜ್ವರದ ಮಾತ್ರೆ ಮುರಿದು ಹಾಕಬೇಡ, ನಾಯಿಗೆ ಅದು ವಿಷವಾಗಬಹುದು.

ಹಾರ್ನೆಸ್ಸಿನ ವಿಚಾರ ಒತ್ತಿ ಹೇಳಬೇಕು. ಹೆದರಿದ ನಾಯಿ ಮುಂದಕ್ಕೆ ಎಳೆಯುವುದಿಲ್ಲ, ಹಿಂದಕ್ಕೆ ಜಗ್ಗುತ್ತೆ. ಕತ್ತು ತಗ್ಗಿಸಿ ಒಂದು ಸಲ ಹಿಂದಕ್ಕೆ ಸರಿದರೆ ಕೊರಳಪಟ್ಟಿ ಕಿವಿ ದಾಟಿ ನಿನ್ನ ಕೈಯಲ್ಲಿ ಉಳಿಯುತ್ತೆ, ನಾಯಿ ಹೊರವರ್ತುಲ ರಸ್ತೆಯಲ್ಲಿರುತ್ತೆ. ಎದೆಗೂ ಹೊಟ್ಟೆಗೂ ಬಿಗಿಯುವ ಹಾರ್ನೆಸ್ಸು ತಗೋ, ಹಗ್ಗದ ಕೊಕ್ಕೆಯನ್ನು ಅದಕ್ಕೇ ಸಿಕ್ಕಿಸು, ಕೊರಳಪಟ್ಟಿಯಲ್ಲಿ ನಿನ್ನ ಫೋನ್ ನಂಬರಿರುವ ಬಿಲ್ಲೆ ಇರಲಿ. ಬಾಗಿಲು ತೆಗೆಯುವ ಮೊದಲು ಹಗ್ಗ ಕೈಗೆ ಸುತ್ತಿಕೊಂಡಿರಬೇಕು. ಪಟಾಕಿ ಸದ್ದಿಗೆ ನಾಯಿ ಬೆದರಿ ಓಡುತ್ತೆ, ಇದೇ ಕಾರಣಕ್ಕೆ ದೀಪಾವಳಿಯ ಹಿಂದಿನ ವಾರ ತರುವುದು ಬೇಡವೇ ಬೇಡ.

ಬಾಲ ಆಡಿಸಿದ್ದೆಲ್ಲ ಪ್ರೀತಿಯಲ್ಲ. ಮೈಯೆಲ್ಲ ಸಡಿಲವಾಗಿ, ಸೊಂಟವೂ ಜೊತೆಗೇ ಕುಣಿದರೆ ಸರಿ. ಬಾಲ ಮೇಲೆತ್ತಿ ಬಿಗಿಯಾಗಿ ತುಸುವೇ ಆಡಿಸುತ್ತಿದ್ದರೆ, ತುಟಿ ನೆಕ್ಕುತ್ತಿದ್ದರೆ, ನಿದ್ದೆಯಿಲ್ಲದ ಹೊತ್ತಲ್ಲಿ ಆಕಳಿಸಿದರೆ, ಕಣ್ಣಿನ ಬಿಳಿ ಕಂಡರೆ ‘ಸಾಕು, ದೂರ ಇರು’ ಅಂತ ಅರ್ಥ. ತಲೆಯ ಮೇಲೆ ಕೈ ತರದೆ ಗದ್ದದ ಕೆಳಗೆ ಕೆರೆಯುವುದನ್ನು ಮಕ್ಕಳಿಗೆ ಕಲಿಸು. ತಬ್ಬಿಕೊಂಡು ಫೋಟೋ ತೆಗೆಸಿಕೊಳ್ಳುವುದು ಆಮೇಲಿನ ಮಾತು. ಅಪ್ಪಿತಪ್ಪಿ ಹಲ್ಲು ತಾಗಿ ರಕ್ತ ಬಂದರೆ, ಲಸಿಕೆ ಹಾಕಿಸಿದ ನಾಯಿ ಅಂತ ಸುಮ್ಮನಿರದೆ ಹರಿಯುವ ನೀರಲ್ಲಿ ಸೋಪು ಹಾಕಿ 15 ನಿಮಿಷ ತೊಳೆದು ಅವತ್ತೇ ಆಸ್ಪತ್ರೆಗೆ ಹೋಗಬೇಕು.

ಊಟಕ್ಕೆ ಆಶ್ರಯಧಾಮದಲ್ಲಿ ಏನು ತಿನ್ನುತ್ತಿತ್ತೋ ಅದನ್ನೇ ಒಂದು ವಾರ ಕೊಟ್ಟು, ಆಮೇಲೆ ಮೆಲ್ಲಗೆ ಬದಲಿಸು. ಮೊಟ್ಟೆ, ಬೇಯಿಸಿದ ಕೋಳಿ, ಅನ್ನ, ರಾಗಿ ಗಂಜಿ ನಡೆಯುತ್ತೆ. ನಮ್ಮ ಎಲೆಯಲ್ಲಿ ಮಿಕ್ಕಿದ್ದು ಬೇಡ: ಈರುಳ್ಳಿ ಹುಳಿ, ಬೆಳ್ಳುಳ್ಳಿ ಒಗ್ಗರಣೆ, ಪಾಯಸದ ಒಣದ್ರಾಕ್ಷಿ ಎಲ್ಲವೂ ನಾಯಿಗೆ ಕೆಡುಕು. ಬೇಯಿಸಿದ ಮೂಳೆ ಚೂರುಚೂರಾಗಿ ಕರುಳಿಗೆ ಚುಚ್ಚುತ್ತೆ. ಉಂಡ ಸ್ವಲ್ಪ ಹೊತ್ತಿಗೆ, ಎದ್ದ ಕೂಡಲೇ ಒಂದೇ ಜಾಗಕ್ಕೆ ಕರೆದುಕೊಂಡು ಹೋಗುತ್ತಿರು. ಒಳಗೆ ಉಚ್ಚೆ ಹೊಯ್ದರೆ ಮೂತಿ ತಿಕ್ಕುವ ಹಳೇ ಶಿಕ್ಷೆ ಬಿಟ್ಟು ನೆಲ ಒರೆಸು. ರಜೆ ಹಾಕಿ ಹತ್ತು ದಿನ ಮೈಗಂಟಿ ಕೂತು ಹನ್ನೊಂದನೇ ದಿನ ಬೀಗ ಜಡಿದು ಆಫೀಸಿಗೆ ಹೋದರೆ ಅದು ಬಾಗಿಲು ಕೆರೆಯದೆ ಇನ್ನೇನು ಮಾಡೀತು? ಮೊದಲಿನಿಂದಲೇ ಐದು ನಿಮಿಷ, ಹತ್ತು ನಿಮಿಷ ಹೊರಗೆ ಹೋಗಿ ಬರುವ ಅಭ್ಯಾಸ ಮಾಡಿಸು.

ಹೆಸರು ಏನಿಡಲಿ ಅಂತ ಕೇಳಿದ್ದೆ. ಅಲ್ಲಿ ಕರೆಯುತ್ತಿದ್ದ ಹೆಸರಿಗೆ ತಿರುಗಿ ನೋಡುತ್ತೆ ಅಂದರೆ ಅದೇ ಇರಲಿ. ನಿಮ್ಮ ಮಾವನವರ ಮನೆಯಲ್ಲಿ ಯಾರಿಗಾದರೂ ಅದೇ ಹೆಸರಿದ್ದರೆ ಮಾತ್ರ ಬದಲಿಸು.