ಜೋಳದ ರೊಟ್ಟಿ, ಬೆಳ್ಳುಳ್ಳಿ ಮತ್ತು ರೋಗನಿರೋಧಕ ಶಕ್ತಿ

ಹುಕ್ಕೇರಿ ತಾಲೂಕಿನ ಘೋಡಗೇರಿಯಲ್ಲಿಯೂ ನೆರೆಯ ಗೋಕಾಕ, ಮೂಡಲಗಿ ಸೀಮೆಗಳಲ್ಲಿಯೂ ನೀರಾವರಿಯೊಡನೆ ಕಬ್ಬು ಹಬ್ಬಿರುತ್ತದೆ. ಕಬ್ಬಿನಿಂದ ಹಣ ಬರುವುದು ನಿಜ. ಆದರೆ ಮನೆಮಂದಿಯ ಶರೀರಕ್ಕೆ ಅವಶ್ಯವಾದ ಸತು, ಕಬ್ಬಿಣಗಳು ಬಹುಮಟ್ಟಿಗೆ ದೊರೆಯತಕ್ಕದ್ದು ಜೋಳ ಮತ್ತು ಕಾಳುಗಳಿಂದ. ಸತು ಸಾಲದಾದರೆ ರೋಗಾಣುಗಳನ್ನು ಎದುರಿಸುವ ಬಿಳಿ ರಕ್ತಕಣಗಳ ಬಲ ಕುಂದಿ, ಮಕ್ಕಳಿಗೆ ಮೇಲಿಂದ ಮೇಲೆ ಭೇದಿಯಾಗಬಹುದು. ಭೇದಿಯಾದ ಮಕ್ಕಳಿಗೆ ಉಪ್ಪು-ಸಕ್ಕರೆಯ ದ್ರಾವಣದೊಡನೆ ಸತುವನ್ನೂ ಕೊಡಬೇಕೆಂದು 2004ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಸೂಚಿಸಿತು.

ಧಾನ್ಯದಲ್ಲಿ ಸತುವಿದ್ದರೂ ಅದರೊಳಗಿನ ಫೈಟಿಕ್ ಆಮ್ಲವು ಅದನ್ನು ಹಿಡಿದಿಟ್ಟುಕೊಳ್ಳುವುದರಿಂದ ಬಹುಭಾಗವು ಮೈಗೂಡದೆ ಹೋಗುತ್ತದೆ. ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯದವರು 2010ರಲ್ಲಿ ಪ್ರಕಟಿಸಿದ ಪರೀಕ್ಷೆಗಳಲ್ಲಿ, ಧಾನ್ಯ ಹಾಗೂ ಬೇಳೆಗಳಿಗೆ ಬೆಳ್ಳುಳ್ಳಿ ಅಥವಾ ಉಳ್ಳಾಗಡ್ಡಿಯನ್ನು ಕೂಡಿಸಿದಾಗ ಕಬ್ಬಿಣ, ಸತುಗಳು ಹೆಚ್ಚಾಗಿ ಬಿಡುಗಡೆ ಹೊಂದಿದುದು ಕಂಡುಬಂದಿತು. ಪರೀಕ್ಷೆ ನಡೆದುದು ಗಾಜಿನ ಪಾತ್ರೆಗಳಲ್ಲಿ, ಮನುಷ್ಯರ ಹೊಟ್ಟೆಯಲ್ಲಲ್ಲ ಎಂಬುದನ್ನು ಮರೆಯಲಾಗದು. ಆದರೂ ರೊಟ್ಟಿಗೆ ಬೆಳ್ಳುಳ್ಳಿ ಚಟ್ನಿ, ಬದಿಗೆ ಹಸಿ ಉಳ್ಳಾಗಡ್ಡಿ ಎಂಬ ಈ ಭಾಗದ ರೂಢಿಯು ಕೇವಲ ನಾಲಗೆಯ ಚಪಲವಲ್ಲ.

ಮಡಕಿ, ಹೆಸರು ಕಾಳುಗಳನ್ನು ರಾತ್ರಿ ನೆನೆಯಿಸಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿದರೆ ಆ ಆಮ್ಲವು ತಗ್ಗುವುದಲ್ಲದೆ ಸಿ ಜೀವಸತ್ವವೂ ಹುಟ್ಟುತ್ತದೆ. ಚುಚ್ಚುಮದ್ದಿಗಾಗಲಿ ಶುದ್ಧವಾದ ನೀರಿಗಾಗಲಿ ಇವು ಬದಲಾಗಲಾರವು.

ಊರ ಹಿರಿಯರೂ ಭೂಮಾಲಿಕರೂ ಕಬ್ಬಿನ ಹೊಲದಲ್ಲಿ ಕೆಲವು ಗುಂಟೆಗಳನ್ನಾದರೂ ಬಿಟ್ಟು, ಮುಂಗಾರಿಗೆ ಹೆಸರು, ಅದನ್ನು ಕಿತ್ತ ಬಳಿಕ ಹಿಂಗಾರಿ ಜೋಳ ಬಿತ್ತುವುದು ಲೇಸು. ಸುಗ್ಗಿಯಲ್ಲಿ ಆ ಕಾಳಿನ ಪಾಲು ಆಳುಮಕ್ಕಳ ಮನೆಗೂ ತಲುಪತಕ್ಕದ್ದು.