ನಾಗರಹಾವಿನ ಕೋಟೆ, ಮಾಲ್ಗುಡಿಯ ಮನೆ: ಗುಡೇಕೋಟೆಯಿಂದ ಟಿಟಿ ಮಾಡಿಕೊಂಡು ಹೊರಡುವವರಿಗೆ

ಗುಡೇಕೋಟೆಯ ಗೆಳೆಯರೊಬ್ಬರು ಫೋನ್ ಮಾಡಿ, ‘ನಾಲ್ಕು ಮನೆಯವರು ಸೇರಿ ಒಂದು ಟಿಟಿ ಮಾಡಿಕೊಂಡು ಸಿನಿಮಾ ತೆಗೆದ ಜಾಗಗಳನ್ನ ನೋಡಿಬರೋಣ ಅಂತಿದ್ದೀವಿ, ನೀವು ಹೋಗಿಬಂದವರು, ಸ್ವಲ್ಪ ಹೇಳ್ರಿ’ ಎಂದರು. ಫೋನಿನಲ್ಲಿ ಹೇಳಿ ಮುಗಿಯುವ ಮಾತಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಕರ್ನಾಟಕದಲ್ಲಿ ಕ್ಯಾಮೆರಾ ಇಡದ ಜಾಗ ಕಡಿಮೆ. ಪಟ್ಟಿ ಹಿಡಿದು ಹೊರಟರೆ ತಿಂಗಳೂ ಸಾಲದು. ಶೂಟಿಂಗ್ ಮುಗಿಸಿ ಎಲ್ಲರೂ ಹೋದ ಮೇಲೂ ಕಥೆಯನ್ನು ಬಿಡದೆ ಹಿಡಿದುಕೊಂಡ ಊರುಗಳು ನನ್ನ ಲೆಕ್ಕದಲ್ಲಿ ಎರಡೇ: ಚಿತ್ರದುರ್ಗ ಮತ್ತು ಆಗುಂಬೆ. ಉಳಿದದ್ದು ದಾರಿಯಲ್ಲಿ ಸಿಕ್ಕರೆ ಸರಿ, ಸಿಗದಿದ್ದರೆ ನಷ್ಟವಿಲ್ಲ. ಹಂಪಿಯನ್ನು ಈ ಪ್ರವಾಸಕ್ಕೆ ಸೇರಿಸಬೇಡಿ. ಜಾಕಿ ಚಾನ್ 2005ರ ‘ದಿ ಮಿಥ್’ ಸಿನಿಮಾಕ್ಕೆ ಅಲ್ಲಿಗೆ ಬಂದಿದ್ದ ನಿಜ, ಆದರೆ ನಿಮಗೆ ಹಂಪಿ ಬೇಕಾದ ಭಾನುವಾರ ಹೋಗಿಬರುವಷ್ಟು ಹತ್ತಿರ. ‘ಶೋಲೆ’ಯ ರಾಮನಗರವೂ ಬೇಡ. ದಿಕ್ಕೇ ಬೇರೆ, ಮೇಲಾಗಿ 1975ರಲ್ಲಿ ಬಂದ ಆ ಸಿನಿಮಾಕ್ಕೆ ಕಟ್ಟಿದ ರಾಮಗಢದಲ್ಲಿ ಈಗ ಉಳಿದಿರುವುದು ಬಂಡೆ ಮಾತ್ರ. ಬಂಡೆ ನೋಡಲು ನಮ್ಮ ಕಡೆಯವರು ಅಷ್ಟು ದೂರ ಹೋಗಬೇಕೆ?

ಮೊದಲು ಗಾಡಿಯ ಮಾತು. ದಿನಕ್ಕೆ ಮಿನಿಮಮ್ ಕಿಲೋಮೀಟರ್ ಎಷ್ಟು, ಡ್ರೈವರ್ ಬಾಟಾ ಎಷ್ಟು, ಟೋಲು ಪಾರ್ಕಿಂಗ್ ಯಾರದು, ಇಷ್ಟನ್ನೂ ಅಡ್ವಾನ್ಸ್ ಕೊಡುವ ಮೊದಲೇ ಚೀಟಿಯಲ್ಲಿ ಬರೆಸಿಕೊಳ್ಳಿ. ನಮ್ಮ ಗಾಡಿಯವನು ಹೊರಡುವಾಗ ‘ಎಲ್ಲಾ ಸೇರಿ ಸಾರ್’ ಎಂದವನು, ಇಳಿಯುವಾಗ ‘ಘಾಟಿ ಚಾರ್ಜು ಬೇರೆ’ ಎಂದ. ಘಾಟಿಯನ್ನು ನಾವು ಇಳಿದೇ ಇರಲಿಲ್ಲ! ಎಸಿ ಶಿವಮೊಗ್ಗದ ತನಕವೂ ಬರಲಿಲ್ಲ. ಊಟಕ್ಕೆ ನಿಲ್ಲಿಸಿದ್ದೆಲ್ಲ ಡ್ರೈವರಿಗೆ ಬಿಟ್ಟಿ ಊಟ ಸಿಗುವ ಹೋಟೆಲುಗಳ ಮುಂದೆ, ಅಲ್ಲಿನ ಸಾಂಬಾರಿನ ರುಚಿ ಹೇಳದಿರುವುದೇ ಲೇಸು. ಎಲ್ಲಿ ಉಣ್ಣಬೇಕೆಂದು ನೀವೇ ನಿರ್ಧರಿಸಿ. ಟಿಟಿಯ ಟಿವಿಯಲ್ಲಿ ಸಿನಿಮಾ ಹಾಕಿಸಬೇಡಿ. ‘ನಾಗರಹಾವು’, ‘ಮಾಲ್ಗುಡಿ ಡೇಸ್’ ಎರಡನ್ನೂ ಹೋಗುವ ವಾರ ಮನೆಯಲ್ಲೇ ಕೂತು ನೋಡಿ. ನೋಡದೆ ಬಂದ ಹುಡುಗರಿಗೆ ಕೋಟೆ ಬರೀ ಕಲ್ಲು, ಆಗುಂಬೆ ಬರೀ ಮಳೆ.

ಕೂಡ್ಲಿಗಿಗೆ ಬಂದು ಹೆದ್ದಾರಿ ಹಿಡಿದರೆ ಚಿತ್ರದುರ್ಗ ಬೆಳಗಿನ ದಾರಿ. ಕತ್ತಲಿರುವಾಗಲೇ ಹೊರಡಿ, ಯಾಕೆಂದರೆ ಕೋಟೆಯಲ್ಲಿ ನೆರಳಿಲ್ಲ. ಹತ್ತು ಗಂಟೆಯ ಮೇಲೆ ಬಂಡೆ ಕಾದು ಕೆಳಗಿನಿಂದಲೂ ಸುಡುತ್ತದೆ. ತಿಂಡಿಯ ಪೊಟ್ಟಣ ಕೈಯಲ್ಲಿ ಹಿಡಿದು ಹತ್ತಬೇಡಿ, ಮಂಗಗಳು ಬಿಡುವುದಿಲ್ಲ. ನಾವು ಹೋದಾಗ ಟಿಕೆಟ್ಟು ಇಪ್ಪತ್ತೋ ಇಪ್ಪತ್ತೈದೋ ಇತ್ತು, ಈಗ ಏರಿರಬಹುದು.

ಪುಟ್ಟಣ್ಣ ಕಣಗಾಲರು ತ.ರಾ.ಸು. ಅವರ ಮೂರು ಕಾದಂಬರಿ ಸೇರಿಸಿ ಮಾಡಿದ ‘ನಾಗರಹಾವು’ 1972ರಲ್ಲಿ ಬಂತು. ವಿಷ್ಣುವರ್ಧನ್ ನಾಯಕರಾದದ್ದು, ಅಂಬರೀಶ್ ಮೊದಲ ಬಾರಿ ತೆರೆಗೆ ಬಂದದ್ದು ಇದರಲ್ಲೇ. ರಾಮಾಚಾರಿಯ ಸಿಟ್ಟಿಗೆ ಆ ಬಂಡೆಗಳೇ ತಕ್ಕ ಜೋಡಿ. ಅದನ್ನು ಸ್ಟುಡಿಯೋದಲ್ಲಿ ತೆಗೆದಿದ್ದರೆ ಈ ಹೊತ್ತಿಗೆ ಮರೆತುಹೋಗುತ್ತಿತ್ತು. ಆದರೆ ನೀವು ಹೆಚ್ಚು ಹೊತ್ತು ನಿಲ್ಲಬೇಕಾದದ್ದು ಓಬವ್ವನ ಕಿಂಡಿಯಲ್ಲಿ. ಜಯಂತಿ ಒನಕೆ ಎತ್ತಿ ನಿಂತ ದೃಶ್ಯ ಕಣ್ಣಲ್ಲಿದ್ದರೆ ಆ ಸಂದು ಎಷ್ಟು ಕಿರಿದೆಂದು ನೋಡಿ ದಂಗಾಗುತ್ತೀರಿ. ದಪ್ಪನೆಯವರು ತಲೆ ತಗ್ಗಿಸಿ, ಹೆಗಲು ಓರೆ ಮಾಡಿ, ಒಬ್ಬೊಬ್ಬರಾಗಿ ತೂರಬೇಕು. ತೂರುವಾಗ ಎರಡೂ ಕೈ ಕಲ್ಲಿಗೆ ಆನಿಸಬೇಕಾಗುತ್ತದೆ, ಕತ್ತಿ ಹಿಡಿಯಲು ಕೈ ಉಳಿಯುವುದಿಲ್ಲ. ಒಬ್ಬ ಹೆಣ್ಣುಮಗಳು ಹೈದರಾಲಿಯ ಸೈನಿಕರನ್ನು ಹೇಗೆ ತಡೆದಳೆಂಬುದು ಅಲ್ಲಿ ಮೈಗೇ ತಿಳಿಯುತ್ತದೆ. ಪಕ್ಕದಲ್ಲೇ ಅವಳು ನೀರಿಗೆ ಹೋದ ತಣ್ಣೀರು ದೋಣಿ. ಅವಳ ತವರು ನಿಮ್ಮ ಗುಡೇಕೋಟೆ ಎಂದು ನಮ್ಮ ಸೀಮೆಯಲ್ಲಿ ಮಕ್ಕಳಿಗೂ ಗೊತ್ತು. ಹೊರಡುವ ಮುನ್ನ ನಿಮ್ಮೂರ ಪಾಳೆಗಾರರ ಕೋಟೆಯನ್ನು ನಿಮ್ಮ ಮಕ್ಕಳಿಗೆ ಒಮ್ಮೆ ಹತ್ತಿಸಿ. ತವರುಮನೆಯವರು ಹೋಗುವ ಹಾಗೆ ಹೋಗಿ.

ಗೈಡುಗಳ ವಿಷಯ. ಒಳ್ಳೆಯವರಿದ್ದಾರೆ. ನಮಗೆ ಸಿಕ್ಕವನು ಮಾತ್ರ ಅರ್ಧ ದಾರಿಯಲ್ಲಿ ನಿಂತು, ‘ಸಿನಿಮಾದ ಜಾಗ ಬೇರೆ ರೇಟು’ ಎಂದ. ರೇಟು, ಎಲ್ಲಿಂದ ಎಲ್ಲಿಯವರೆಗೆ ಎಂಬುದು, ಎರಡೂ ಬಾಗಿಲಲ್ಲೇ ತೀರ್ಮಾನವಾಗಲಿ.

ಚಿತ್ರದುರ್ಗದಿಂದ ಶಿವಮೊಗ್ಗದವರೆಗೆ ಹೇಳುವಂಥದ್ದಿಲ್ಲ, ನಿದ್ದೆ ಮಾಡಿ. ತೀರ್ಥಹಳ್ಳಿ ದಾಟಿದ ಮೇಲೆ ಎಚ್ಚರವಾಗಿರಿ.

ಆಗುಂಬೆಯಲ್ಲಿ ಶಂಕರ್ ನಾಗ್ ಆರ್.ಕೆ. ನಾರಾಯಣರ ಮಾಲ್ಗುಡಿಯನ್ನು ಕಟ್ಟಿದರು. ದೂರದರ್ಶನದಲ್ಲಿ ಅದು ಬಂದದ್ದು 1986ರಲ್ಲಿ. ಮಾಸ್ಟರ್ ಮಂಜುನಾಥ್ ಸ್ವಾಮಿ, ಗಿರೀಶ್ ಕಾರ್ನಾಡ್ ಅಪ್ಪ, ವೈಶಾಲಿ ಕಾಸರವಳ್ಳಿ ಅಮ್ಮ. ಸ್ವಾಮಿಯ ಮನೆಯಾಗಿ ಕಂಡದ್ದು ಇಲ್ಲಿನ ದೊಡ್ಡಮನೆ. ಮರದ ಕಂಬ, ನಡುವೆ ತೆರೆದ ಅಂಗಳ, ಸುತ್ತ ಜಗಲಿ. ಕಂಬಕ್ಕೊರಗಿ ಕೂತರೆ ತಲೆಯಲ್ಲಿ ಎಲ್. ವೈದ್ಯನಾಥನ್ ಅವರ ಸಂಗೀತ ತಾನಾಗಿಯೇ ಶುರುವಾಗುತ್ತದೆ. ಆದರೆ ಅದು ಸಂಸಾರ ನಡೆಯುವ ಮನೆ, ಮ್ಯೂಸಿಯಂ ಅಲ್ಲ. ಮೊದಲೇ ಕೇಳಿಕೊಂಡು ಹೋಗಿ, ಚಪ್ಪಲಿ ಹೊರಗೆ ಬಿಡಿ, ಅಡುಗೆಮನೆಗೆ ಕ್ಯಾಮೆರಾ ಹಿಡಿದು ನುಗ್ಗಬೇಡಿ. ರೀಲ್ಸ್ ಮಾಡುವ ಹುಡುಗರನ್ನು ಸ್ವಲ್ಪ ಹತೋಟಿಯಲ್ಲಿಡಿ.

ಸೂರ್ಯಾಸ್ತ ನೋಡುವ ಕಟ್ಟೆಗೆ ಎಲ್ಲರೂ ಓಡುತ್ತಾರೆ, ಅನೇಕ ಸಲ ಮೋಡವೇ ಕಾಣುವುದು. ನಾನಾದರೆ ಸಂಜೆ ಊರಬೀದಿಯಲ್ಲೇ ಅಡ್ಡಾಡುತ್ತೇನೆ. ಕೆಳಗೆ ಸೋಮೇಶ್ವರದ ಕಡೆ ಘಾಟಿ ಇಳಿಯುವ ಅಗತ್ಯವೇ ಇಲ್ಲ. ಹದಿನಾಲ್ಕು ಹೇರ್‌ಪಿನ್ ತಿರುವು, ಮಳೆಗಾಲದಲ್ಲಿ ದೊಡ್ಡ ಗಾಡಿಗಳಿಗೆ ಆಗಾಗ ತಡೆ. ಬಂದ ದಾರಿಯಲ್ಲೇ ತೀರ್ಥಹಳ್ಳಿಗೆ ಹಿಂತಿರುಗಿ. ಕಾಡಿನೊಳಗೆ ಇಳಿಯುವುದಿದ್ದರೆ ಇಂಬಳಕ್ಕೆ ಉಪ್ಪು, ಸುಣ್ಣ ಜೇಬಿನಲ್ಲಿರಲಿ.

ಮರುದಿನ ರಿಪ್ಪನ್‌ಪೇಟೆಯ ಮೇಲೆ ಅರಸಾಳಿಗೆ. ಮಾಲ್ಗುಡಿ ಸ್ಟೇಷನ್ ಆಗಿ ಕಂಡದ್ದು ಇದೇ ಪುಟ್ಟ ರೈಲು ನಿಲ್ದಾಣ. ಹಳೆಯ ಕಟ್ಟಡವನ್ನು ರಿಪೇರಿ ಮಾಡಿ 2020ರಲ್ಲಿ ಮಾಲ್ಗುಡಿ ಮ್ಯೂಸಿಯಂ ಮಾಡಿದ್ದಾರೆ. ಅರ್ಧ ಗಂಟೆಯಲ್ಲಿ ನೋಡಿ ಮುಗಿಯುತ್ತದೆ, ಆದರೂ ತಪ್ಪಿಸಬೇಡಿ. ಸ್ಕಾಟ್ಲೆಂಡಿನಲ್ಲಿ ಹ್ಯಾರಿ ಪಾಟರ್ ರೈಲು ಹಾದುಹೋದ ಗ್ಲೆನ್‌ಫಿನ್ನನ್‌ನ ಇಪ್ಪತ್ತೊಂದು ಕಮಾನಿನ ಸೇತುವೆ ನೋಡಲು ಬಸ್ಸುಗಟ್ಟಲೆ ಜನ ಬರುತ್ತಾರೆ, ಕಾಲಿಡಲು ಜಾಗವಿರುವುದಿಲ್ಲ. ಅರಸಾಳಿನಲ್ಲಿ ಪ್ಲಾಟ್‌ಫಾರ್ಮ್ ಬೆಂಚು ಪೂರಾ ನಿಮ್ಮದೇ.

ಜೋಗಕ್ಕೆ ಆನಂದಪುರ, ಸಾಗರದ ಮೇಲೆ. ‘ಮುಂಗಾರು ಮಳೆ’ (2006) ಬಂದ ಮೇಲೆ ಗಣೇಶ್ ಕುಣಿದಂತೆ ಜಲಪಾತದ ನೆತ್ತಿಯ ಅಂಚಿಗೆ ಹೋಗುವ ಹುಚ್ಚು ಹತ್ತಿತು. ಕಲ್ಲು ಪಾಚಿಗಟ್ಟಿರುತ್ತದೆ, ಕೆಳಗೆ 253 ಮೀಟರ್ ಪ್ರಪಾತ. ಯಾರು ಕರೆದರೂ ಹೋಗಬೇಡಿ. ಶರಾವತಿ ನೀರು ಮೇಲೆ ಲಿಂಗನಮಕ್ಕಿಯಲ್ಲೇ ನಿಲ್ಲುವುದರಿಂದ ಬೇಸಿಗೆಯಲ್ಲಿ ರಾಜ, ರಾಣಿ, ರೋರರ್, ರಾಕೆಟ್ ನಾಲ್ಕೂ ನೂಲಿನೆಳೆ. ಮಳೆ ಜೋರಾಗಿದ್ದರೆ ಮಂಜು ಬಿಟ್ಟು ಏನೂ ಕಾಣದು. ಮಳೆ ಹಿಂದೆ ಸರಿದ ಅಕ್ಟೋಬರಿನಲ್ಲಿ ಹೋಗಿ, ಆದರೆ ದಸರಾ ರಜೆಯ ಜಾತ್ರೆಯಲ್ಲಿ ಬೇಡ.

ವಾಪಸ್ ಶಿಕಾರಿಪುರ, ಹರಿಹರ, ಹರಪನಹಳ್ಳಿ. ದಾರಿ ಉದ್ದ, ನೋಡುವುದೇನಿಲ್ಲ. ಕೊಟ್ಟೂರಿನಲ್ಲಿ ನಿಲ್ಲಿಸಿ ಮಿರ್ಚಿ ಮಂಡಕ್ಕಿ ತಿಂದರೆ ದಾರಿಯುದ್ದಕ್ಕೂ ತಿಂದ ಸಾಂಬಾರಿನ ಸಿಟ್ಟು ಇಳಿಯುತ್ತದೆ.

ಮೂರು ರಾತ್ರಿ ಇಟ್ಟುಕೊಂಡರೆ ಆರಾಮ. ಎರಡೇ ಸಿಗುವುದಾದರೆ ಜೋಗ ಕೈಬಿಡಿ, ಆಗುಂಬೆಯ ರಾತ್ರಿಯನ್ನು ಮಾತ್ರ ಬಿಡಬೇಡಿ.